ಕುಮಾರ ಪರ್ವತಕ್ಕೆ ಗುಂಪು ಕಟ್ಟಿಕೊಂಡು ಹೊರಟರೆ ಯಾವ ದಾರಿ ಹಗುರ?

ಚಾರಣಿಗರು ಚಿಕ್ಕದಾಗಿ 'ಕೆಪಿ' ಎನ್ನುವ ಕುಮಾರ ಪರ್ವತದ ಎತ್ತರ 1,712 ಮೀಟರ್. ತಡಿಯಂಡಮೋಳ್ ಇದಕ್ಕಿಂತ ಎತ್ತರ, 1,748 ಮೀಟರ್. ಕುದುರೆಮುಖ, ಮುಳ್ಳಯ್ಯನಗಿರಿ ಇನ್ನೂ ಎತ್ತರ. ಆದರೂ ರಾಜ್ಯದ ಚಾರಣಿಗರು "ಕೆಪಿ ಹತ್ತಿದ್ದೇನೆ" ಎನ್ನುವಾಗ ಆ ಮಾತಿಗೆ ಬೇರೆಯೇ ತೂಕ ಇರುತ್ತದೆ. ಇದಕ್ಕೆ ಕಾರಣ ತುದಿಯ ಎತ್ತರವಲ್ಲ, ಬುಡದ ತಗ್ಗು. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ರಸ್ತೆ ಹೋಗುತ್ತದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ಸುಮಾರು 120 ಮೀಟರ್ ಮೇಲೆ. ಅಲ್ಲಿಂದ ಹೊರಟವರು ಹೆಚ್ಚೂಕಡಿಮೆ 1,600 ಮೀಟರನ್ನು ಕಾಲಲ್ಲೇ ಏರಬೇಕು, ಅಷ್ಟನ್ನೇ ಮತ್ತೆ ಇಳಿಯಬೇಕು.

ಒಬ್ಬರೇ, ಇಬ್ಬರೇ ಹೋಗುವಾಗ ಇದು ಅವರವರ ಶಕ್ತಿಯ ಪ್ರಶ್ನೆ. ಹತ್ತು ಹನ್ನೆರಡು ಜನರ ಗುಂಪಾದರೆ ಲೆಕ್ಕವೇ ಬೇರೆ. ಗುಂಪಿನ ವೇಗ ಅಂದರೆ ಕೊನೆಯವರ ವೇಗ. ಹಾಗಾಗಿ ದಾರಿ ಆರಿಸುವಾಗ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ ಮೊದಲು ಕೇಳಬೇಕಾದದ್ದು ಎರಡು. ನಿಧಾನವಾಗಿ ನಡೆಯುವವರು ಬೆಳಕಿರುವಾಗಲೇ ಕೆಳಗೆ ಮುಟ್ಟುತ್ತಾರೆಯೇ? ಒಬ್ಬರಿಗೆ ನಡುವೆ ಆಗದೇ ಹೋದರೆ, ಉಳಿದವರ ದಿನ ಕೆಡದಂತೆ ಅವರು ನಿಲ್ಲಲು ಅಥವಾ ಹಿಂದಿರುಗಲು ಜಾಗ ಇದೆಯೇ?

ಇರುವ ಆಯ್ಕೆ ನಾಲ್ಕು:

1. ಕುಕ್ಕೆಯಿಂದ ಹತ್ತಿ ಕುಕ್ಕೆಗೇ ಇಳಿಯುವುದು, ಒಂದೇ ದಿನ. ಹೋಗಿ ಬರಲು ಸುಮಾರು 26 ಕಿ.ಮೀ.
2. ಅದೇ ದಾರಿ, ಆದರೆ ನಡುದಾರಿಯ ಗಿರಿಗದ್ದೆಯಲ್ಲಿ ಒಂದು ರಾತ್ರಿ ತಂಗಿ, ಎರಡು ದಿನ.
3. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿಯುವುದು, ಒಂದು ದಿನ. ಸುಮಾರು 14 ಕಿ.ಮೀ.
4. ಒಂದು ಬದಿ ಹತ್ತಿ ಇನ್ನೊಂದು ಬದಿ ಇಳಿಯುವುದು. ಸುಮಾರು 20 ಕಿ.ಮೀ.

ಮೊದಲು ಗಡಿಯಾರದ ಲೆಕ್ಕ

ಬೆಟ್ಟದ ನಡಿಗೆಗೆ ಸಮಯ ಅಂದಾಜಿಸಲು ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರು ಎಲ್ಲೂ ನಿಲ್ಲದೆ ನಡೆದರೆ ಹಿಡಿಯುವ ಹೊತ್ತು. ನೀರು ಕುಡಿಯುತ್ತ, ಫೋಟೋ ತೆಗೆಯುತ್ತ, ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತ ಹೋಗುವ ಗುಂಪಿಗೆ ಅದನ್ನು ಒಂದೂವರೆ ಪಟ್ಟು ಮಾಡಬೇಕು.

ಕುಕ್ಕೆ ಬದಿಗೆ ಹಾಕಿ ನೋಡಿ. 13 ಕಿ.ಮೀ.ಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, 1,600 ಮೀಟರ್ ಏರಿಗೆ ಮತ್ತೆ ಅಷ್ಟೇ. ಕೂಡಿದರೆ ಐದೂಕಾಲು ಗಂಟೆ, ಗುಂಪಿಗೆ ಎಂಟು. ಇಳಿಯಲು ಐದು. ತುದಿಯಲ್ಲಿ ಅರ್ಧ ಗಂಟೆ ಕೂತರೂ ಒಟ್ಟು ಹದಿಮೂರೂವರೆ ಗಂಟೆ ಬೇಕು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಗು ಸಂಜೆಯ ನಡುವೆ ಸಿಗುವ ಬೆಳಕು ಹನ್ನೊಂದೂವರೆ ಗಂಟೆ ಅಷ್ಟೇ. ಅಂದರೆ ಚಾರಣಕ್ಕೆ ಅತಿ ಹಿತವಾದ ತಿಂಗಳಲ್ಲೇ, ಎಲ್ಲ ಸರಿಯಾಗಿ ನಡೆದರೂ, ಮೊದಲ ಆಯ್ಕೆ ಕತ್ತಲಲ್ಲಿ ಮುಗಿಯುತ್ತದೆ. ಕೊನೆಯ ಐದಾರು ಕಿಲೋಮೀಟರ್ ದಟ್ಟ ಕಾಡು. ಹೊರಗೆ ಬೆಳಕಿದ್ದರೂ ಒಳಗೆ ಬೇಗ ಮಬ್ಬಾಗುತ್ತದೆ, ಅಡಿಗೆ ಬೇರು ಮತ್ತು ಸಡಿಲ ಕಲ್ಲು. ಸುಸ್ತಾದ ಕಾಲಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ.

ಬೀದಳ್ಳಿ ಕೊಡಗಿನ ಎತ್ತರದ ನೆಲದಲ್ಲೇ ಇರುವುದರಿಂದ ಅಲ್ಲಿ ಏರಬೇಕಾದದ್ದು ಕುಕ್ಕೆ ಬದಿಯ ಹೆಚ್ಚುಕಡಿಮೆ ಅರ್ಧ. ಸುಮಾರು 7 ಕಿ.ಮೀ. ಏರಲು ಗುಂಪಿಗೆ ನಾಲ್ಕು ಗಂಟೆ, ಇಳಿಯಲು ಮೂರು, ತುದಿಯಲ್ಲಿ ಒಂದು. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಕೆಳಗೆ. ಯಾರಿಗಾದರೂ ಕಾಲು ಉಳುಕಿ ಎರಡು ಗಂಟೆ ತಡವಾದರೂ ಬೆಳಕು ಉಳಿದಿರುತ್ತದೆ. ಈ ಎರಡು ಗಂಟೆಯೇ ಗುಂಪಿನ ನಿಜವಾದ ಆಸ್ತಿ.

ಗುಂಪಿನಲ್ಲಿ ಎಲ್ಲರೂ ವಾರಕ್ಕೆ ಮೂರ್ನಾಲ್ಕು ದಿನ ಓಡುವವರೇ ಆಗಿದ್ದರೆ, ನಾಲ್ಕಕ್ಕಿಂತ ಹೆಚ್ಚು ಜನ ಇಲ್ಲದಿದ್ದರೆ ಒಂದನೇ ಆಯ್ಕೆಯನ್ನು ಯೋಚಿಸಬಹುದು. ಉಳಿದವರಿಗೆ ಬೇಡ. ಅದರ ಬಗ್ಗೆ ಇಷ್ಟು ಸಾಕು.

ಕುಕ್ಕೆ ಬದಿ, ಎರಡು ದಿನ

ಕೆಪಿಯ ನಿಜವಾದ ಚೆಲುವು ಇರುವುದು ಈ ಬದಿಯಲ್ಲಿ. ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿದವರಿಗೆ ಇದು ಸಿಗುವುದಿಲ್ಲ, ಅದನ್ನು ತಿಳಿದೇ ಆರಿಸಬೇಕು.

ದಾರಿ ಮೂರು ತುಂಡು. ಮೊದಲನೆಯದು ಕಾಡು: ಕುಕ್ಕೆಯಿಂದ ಭೀಮನ ಬಂಡೆ ದಾಟಿ ಗಿರಿಗದ್ದೆಯವರೆಗೆ ಐದಾರು ಕಿಲೋಮೀಟರ್, ನೆರಳಿನಲ್ಲೇ ಆದರೂ ಬಿಡುವಿಲ್ಲದ ಏರು, ಮೈಯೆಲ್ಲ ಬೆವರು. ಗಿರಿಗದ್ದೆಯಲ್ಲಿ ಭಟ್ರ ಮನೆ. ಹತ್ತಾರು ವರ್ಷಗಳಿಂದ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿದ ಜಾಗ ಇದು. ಅಲ್ಲಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ತನಿಖಾ ಠಾಣೆ. ಎರಡನೆಯ ತುಂಡು ಬೋಳುಗುಡ್ಡ: ಹುಲ್ಲುಗಾವಲಿನ ದಿಣ್ಣೆಯ ಬೆನ್ನ ಮೇಲೆ ಕಲ್ಲುಮಂಟಪದವರೆಗೆ, ಅಲ್ಲಿಂದ ಶೇಷ ಪರ್ವತದವರೆಗೆ. ನೆರಳು ಎಂಬುದೇ ಇಲ್ಲ. ಮೂರನೆಯದು ಚಿಕ್ಕದು: ಶೇಷ ಪರ್ವತದಿಂದ ತುಸು ಇಳಿದು, ಶೋಲಾ ಕಾಡು ಹೊಕ್ಕು, ಬಂಡೆ ಹತ್ತಿ ತುದಿ ಮುಟ್ಟುವುದು.

ಗುಂಪುಗಳು ಸೋಲುವುದು ಎರಡನೆಯ ತುಂಡಿನಲ್ಲಿ. ಸೋಲಿಸುವುದು ಏರಲ್ಲ, ಬಿಸಿಲು. ಒಂದೇ ದಿನಕ್ಕೆ ಹೊರಟವರು ಬೋಳುಗುಡ್ಡ ತಲುಪುವ ಹೊತ್ತಿಗೆ ಹತ್ತೂವರೆ ಹನ್ನೊಂದಾಗಿರುತ್ತದೆ, ಕಾಡಿನಲ್ಲಿ ಬೆವರಿ ಅರ್ಧ ನೀರು ಖಾಲಿಯಾಗಿರುತ್ತದೆ, ಆಮೇಲೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ದಿನದ ಯೋಜನೆಯ ಲಾಭ ಬರೀ ದೂರವನ್ನು ಹಂಚುವುದಲ್ಲ. ಬೋಳುಗುಡ್ಡವನ್ನು ಬೆಳಗಿನ ತಂಪಿನಲ್ಲಿ ದಾಟಿಬಿಡಬಹುದು.

ಸಮಯ ಹೀಗಿಟ್ಟುಕೊಳ್ಳಿ. ಮೊದಲ ದಿನ ಹನ್ನೆರಡೂವರೆಯೊಳಗೆ ಕುಕ್ಕೆ ಬಿಡಬೇಕು, ನಾಲ್ಕೂವರೆಗೆ ಗಿರಿಗದ್ದೆ. ಮರುದಿನ ಮೊದಲ ಬೆಳಕಿಗೆ, ಠಾಣೆಯವರು ಬಿಟ್ಟ ಕೂಡಲೇ ಹೊರಡಬೇಕು. ಆರೂವರೆಗೆ ಹೊರಟರೆ ಹನ್ನೊಂದರ ಹೊತ್ತಿಗೆ ತುದಿ. ಹನ್ನೊಂದೂವರೆಗೆ ಇಳಿಯಲು ಶುರು, ಮೂರಕ್ಕೆ ಗಿರಿಗದ್ದೆ, ಆರರೊಳಗೆ ಕುಕ್ಕೆ. ಹನ್ನೆರಡಾದರೂ ತುದಿ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗುವುದು. ಈ ಗಡುವನ್ನು ಕುಕ್ಕೆಯಲ್ಲೇ ಎಲ್ಲರ ಮುಂದೆ ಹೇಳಿ ಒಪ್ಪಿಸಿಕೊಂಡಿರಬೇಕು. ಶೇಷ ಪರ್ವತದ ಮೇಲೆ ನಿಂತು, ಎದುರಿಗೇ ಶಿಖರ ಕಾಣುತ್ತಿರುವಾಗ ಚರ್ಚೆಗೆ ಕೂತರೆ ಯಾರೂ ಒಪ್ಪುವುದಿಲ್ಲ.

ಈ ಆಯ್ಕೆಯ ಇನ್ನೊಂದು ದೊಡ್ಡ ಗುಣ ಗಿರಿಗದ್ದೆಯೇ. ಮರುದಿನ ಬೆಳಿಗ್ಗೆ ಕಾಲು ಬಾರದವರು ಒಬ್ಬರ ಜೊತೆಗೆ ಅಲ್ಲೇ ಉಳಿಯಬಹುದು. ಚೀಲ, ಡೇರೆ ಎಲ್ಲವನ್ನೂ ಅಲ್ಲೇ ಬಿಟ್ಟು, ನೀರು ಮತ್ತು ತಿಂಡಿ ಮಾತ್ರ ಹಿಡಿದು ಉಳಿದವರು ಮೇಲೆ ಹೋಗಬಹುದು. ಎಂಟು ಕಿಲೋ ಹೊರೆ ಮೂರಕ್ಕೆ ಇಳಿದರೆ ಏರಿನ ಮೇಲೆ ಆಗುವ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ತೊಡಕೂ ಇದೆ. ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಇದ್ದರೆ ಮಾತ್ರ ಈ ಯೋಜನೆ. ಬುಕ್ ಮಾಡುವಾಗಲೇ ಆಯಾ ದಿನಕ್ಕೆ ತಂಗುವ ಅವಕಾಶ ತೋರಿಸುತ್ತಿದೆಯೇ ನೋಡಿ, ಇಲ್ಲದಿದ್ದರೆ ಮೂರನೆಯ ಆಯ್ಕೆಗೆ ಬನ್ನಿ. ಶಿಖರದ ಮೇಲೆ ಡೇರೆ ಹಾಕುವಂತಿಲ್ಲ. ಈ ಬೆಟ್ಟ ಇರುವ ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ ಬೆಂಕಿ ಹಚ್ಚುವಂತೆಯೂ ಇಲ್ಲ.

ಬೀದಳ್ಳಿ ಬದಿ, ಒಂದು ದಿನ

ಹೆಚ್ಚಿನ ಗುಂಪುಗಳಿಗೆ, ಅದರಲ್ಲೂ ಮೊದಲ ಸಲ ಹೋಗುವವರು ಅರ್ಧಕ್ಕಿಂತ ಹೆಚ್ಚಿದ್ದರೆ, ನಮ್ಮ ಶಿಫಾರಸು ಇದೇ. ಸೋಮವಾರಪೇಟೆಯಿಂದ ಸುಮಾರು 25 ಕಿ.ಮೀ. ದೂರದಲ್ಲಿ ಬೀದಳ್ಳಿ. ಮಲ್ಲಳ್ಳಿ ಜಲಪಾತವೂ ಇದೇ ಸೀಮೆಯಲ್ಲಿದೆ. ಹೆಗ್ಗಡಮನೆ ಕಡೆಯಿಂದ ಕಾಲುದಾರಿ ಹಿಡಿದು, ಇಲಾಖೆಯ ಠಾಣೆಯಲ್ಲಿ ಹೆಸರು ಬರೆಸಿ ಕಾಡು ಹೊಗಬೇಕು. ದಾರಿಯ ಬಹುಪಾಲು ಮರದ ನೆರಳು, ಹಾಗಾಗಿ ಕುಕ್ಕೆ ಬದಿಗೆ ಮೂರು ಲೀಟರ್ ನೀರು ಬೇಕಾದಲ್ಲಿ ಇಲ್ಲಿ ಎರಡು ಎರಡೂವರೆ ಸಾಕು.

ಇದರ ಕಷ್ಟ ಎಲ್ಲ ಮೇಲುಗಡೆ ಒಟ್ಟಾಗಿದೆ. ತುದಿಗೆ ಹತ್ತಿರ ಕಡಿದಾದ ಬಂಡೆ ಹಾಸು ಬರುತ್ತದೆ. ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಮಂಜು, ಇಬ್ಬನಿ ಕೂತು ಪಾಚಿ ಒದ್ದೆಯಾದರೆ ಅದೇ ಬಂಡೆ ಸಾಬೂನು. ಹತ್ತುವುದು ಅಷ್ಟು ಕಷ್ಟವಲ್ಲ, ಕಣ್ಣೆದುರೇ ಕೈಗೆ ಹಿಡಿ ಸಿಗುತ್ತದೆ. ಇಳಿಯುವಾಗಲೇ ಗುಂಪು ಅಲ್ಲಿ ಸಿಕ್ಕಿಕೊಳ್ಳುವುದು. ಹೆದರಿದವರು ಮೈಯನ್ನು ಹಿಂದಕ್ಕೆ, ಬಂಡೆಯ ಕಡೆಗೆ ವಾಲಿಸುತ್ತಾರೆ. ಹಾಗೆ ವಾಲಿದರೆ ಭಾರ ಹಿಮ್ಮಡಿಗೆ ಹೋಗಿ, ಅಡಿಯ ಮುಂಭಾಗ ಎದ್ದು, ಶೂ ಜಾರುತ್ತದೆ. ಮಾಡಬೇಕಾದದ್ದು ಅದರ ಉಲ್ಟಾ: ಮಂಡಿ ಸ್ವಲ್ಪ ಬಗ್ಗಿಸಿ, ಮೈ ತುಸು ಮುಂದಕ್ಕೆ ತಂದು, ಪಾದ ಪೂರ್ತಿ ಬಂಡೆಗೆ ಅಂಟುವಂತೆ, ಪುಟ್ಟ ಪುಟ್ಟ ಹೆಜ್ಜೆ. ತೀರಾ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ, ಹೀಗೆ ಯಾವಾಗಲೂ ಮೂರು ಕಡೆ ಹಿಡಿತ ಇಟ್ಟುಕೊಂಡೇ ಇಳಿಯಬೇಕು. ಊರುಗೋಲು ಇಲ್ಲಿ ಅಡ್ಡಿ, ಮಡಚಿ ಚೀಲಕ್ಕೆ ಸಿಕ್ಕಿಸಿ. ಒಮ್ಮೆಗೆ ಒಬ್ಬರೇ ಇಳಿಯಬೇಕು, ಕೆಳಗೆ ಒಬ್ಬರು ಬದಿಗೆ ನಿಂತು ಕಾಲಿಡುವ ಜಾಗ ಹೇಳುತ್ತಿರಬೇಕು. ನೇರ ಕೆಳಗೆ ನಿಂತರೆ ಜಾರಿದವರು ಅವರನ್ನೂ ಕರೆದೊಯ್ಯುತ್ತಾರೆ. ಹನ್ನೆರಡು ಜನ ಹೀಗೆ ಇಳಿಯಲು ಮುಕ್ಕಾಲು ಗಂಟೆ ಹಿಡಿಯಬಹುದು. ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಎರಡನೆಯ ತೊಡಕು ಇಂಬಳ. ಮಳೆ ನಿಂತು ತಿಂಗಳಾಗುವವರೆಗೂ ಈ ಕಾಡಿನಲ್ಲಿ ಇಂಬಳ ಬಿಡುವುದಿಲ್ಲ. ಬಟ್ಟೆಯ ಪುಟ್ಟ ಗಂಟಿನಲ್ಲಿ ಉಪ್ಪು ಕಟ್ಟಿ ನೀರಿನಲ್ಲಿ ಅದ್ದಿ ಶೂ, ಕಾಲುಚೀಲದ ಅಂಚಿಗೆ ಒತ್ತಿಕೊಳ್ಳುತ್ತ ಹೋದರೆ ಮುಕ್ಕಾಲು ಪಾಲು ತಡೆಯುತ್ತದೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಬಾಯಿಯ ಬದಿಯಿಂದ ಜಾರಿಸಿ ಬಿಡಿಸಿ. ನಿಂತು ವಿಶ್ರಾಂತಿ ತೆಗೆದುಕೊಳ್ಳುವುದು ಬಂಡೆಯ ಮೇಲೆ ಮಾತ್ರ, ಎಲೆ ಹಾಸಿನ ಮೇಲಲ್ಲ.

ಹಿಂದಿರುಗುವ ದಾರಿಯ ವಿಷಯಕ್ಕೆ ಬಂದರೆ, ಇಲ್ಲಿ ಗಿರಿಗದ್ದೆಯಂತಹ ನಿಲ್ದಾಣ ಇಲ್ಲ. ಆಗದವರನ್ನು ಇಬ್ಬರು ಜೊತೆಗಾರರು ಠಾಣೆಗೆ ಕರೆತರಬೇಕು. ದೂರ ಕಡಿಮೆ ಇರುವುದರಿಂದ ಅದು ನಿಭಾಯಿಸಬಹುದಾದ ಕೆಲಸ. ವಾಹನವೂ ಅದೇ ಬದಿಯಲ್ಲಿ ಕಾಯುತ್ತಿರುತ್ತದೆ.

ಒಂದು ಬದಿ ಹತ್ತಿ ಇನ್ನೊಂದು ಬದಿ ಇಳಿಯುವುದು

ನಕ್ಷೆಯ ಮೇಲೆ ಎಲ್ಲಕ್ಕಿಂತ ಆಕರ್ಷಕ ಇದೇ. ಬೀದಳ್ಳಿಯಿಂದ ಸುಲಭವಾಗಿ ಹತ್ತಿ, ಬೋಳುಗುಡ್ಡದ ನೋಟ ಸವಿಯುತ್ತ ಕುಕ್ಕೆಗೆ ಇಳಿದರೆ ಎರಡೂ ಸಿಕ್ಕಿತಲ್ಲ ಎಂದು ಅನಿಸುತ್ತದೆ. ಉಸಿರಿನ ಲೆಕ್ಕದಲ್ಲಿ ಅದು ನಿಜ. ಮಂಡಿಯ ಲೆಕ್ಕದಲ್ಲಿ ಅಲ್ಲ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಹತ್ತುವಾಗಿನ ಕೆಲಸಕ್ಕಿಂತ ಅದನ್ನು ಹೆಚ್ಚು ಹರಿಯುವುದು ಇದೇ. 1,600 ಮೀಟರ್ ಒಂದೇ ಸಮನೆ ಇಳಿದಾಗ, ಅಭ್ಯಾಸ ಇಲ್ಲದವರಿಗೆ ಗಿರಿಗದ್ದೆ ದಾಟುವಷ್ಟರಲ್ಲಿ ತೊಡೆ ನಡುಗಲು ಶುರುವಾಗುತ್ತದೆ. ತೊಡೆ ಸೋತ ಮೇಲೆ ಪೆಟ್ಟೆಲ್ಲ ಮಂಡಿಗೆ.

ಇನ್ನೂ ದೊಡ್ಡ ಕೊರತೆ, ವಾಹನ ಆ ಕಡೆ ಹೋಗಿಬಿಟ್ಟಿರುತ್ತದೆ. ಬೀದಳ್ಳಿಯಲ್ಲಿ ಇಳಿಸಿದ ಟೆಂಪೊ ಬಿಸಿಲೆ ಘಾಟಿ ಸುತ್ತಿ ಕುಕ್ಕೆಗೆ ಬಂದು ಕಾಯಬೇಕು. ಅರ್ಧ ದಾರಿಯಲ್ಲಿ ಯಾರಾದರೂ ಸೋತರೆ ಮುಂದೆ ಹೋಗುವುದೂ ಕಷ್ಟ, ಹಿಂದೆ ಹೋದರೆ ವಾಹನ ಇಲ್ಲ. ಬೆಟ್ಟದ ಮೇಲೆ ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಸಿಗದು, ಹಾಗಾಗಿ ಚಾಲಕರನ್ನು ವಾಪಸ್ ಕರೆಯುವುದೂ ಆಗದ ಮಾತು. ಹನ್ನೆರಡು ಜನರ ಗುಂಪಿನಲ್ಲಿ ಒಬ್ಬರಿಗೂ ಏನೂ ಆಗುವುದಿಲ್ಲ ಎಂದು ನಂಬಿ ಹೊರಡುವ ಯೋಜನೆ ಇದು.

ಆದರೂ ಮಾಡಲೇಬೇಕು ಎಂದಿದ್ದರೆ ದಿಕ್ಕನ್ನು ಗುಂಪು ನೋಡಿ ಆರಿಸಿ. ಮಂಡಿ ನೋವಿನವರು ಇದ್ದರೆ ಕುಕ್ಕೆಯಿಂದ ಹತ್ತಿ, ಗಿರಿಗದ್ದೆಯಲ್ಲಿ ತಂಗಿ, ಬೀದಳ್ಳಿಗೆ ಇಳಿಯುವುದು ಲೇಸು. ಇಳಿತ ಅರ್ಧಕ್ಕರ್ಧ ಕಡಿಮೆ. ಆದರೆ ಬಂಡೆ ಹಾಸನ್ನು ಸುಸ್ತಾದ ಕಾಲಲ್ಲಿ ಇಳಿಯಬೇಕು. ಎತ್ತರದ ಅಂಜಿಕೆ ಇರುವವರೇ ಹೆಚ್ಚಿದ್ದರೆ ಬೀದಳ್ಳಿಯಿಂದ ಹತ್ತುವುದು ಸರಿ, ಬಂಡೆ ಏರುವಾಗ ಮಾತ್ರ ಸಿಗುತ್ತದೆ. ಬುಕ್ ಮಾಡುವಾಗ ಹತ್ತುವ ಬದಿ, ಇಳಿಯುವ ಬದಿ ಎರಡೂ ಟಿಕೆಟ್‌ನಲ್ಲಿ ಸರಿಯಾಗಿ ಬಂದಿದೆಯೇ ನೋಡಿಕೊಳ್ಳಿ.

ಬುಕಿಂಗ್ ಮೊದಲು, ದಾರಿ ಆಮೇಲೆ

2024ರ ಜನವರಿಯ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಸಾವಿರಾರು ಜನ ಒಟ್ಟಿಗೆ ಕುಮಾರ ಪರ್ವತಕ್ಕೆ ಬಂದು ದಾರಿಯೇ ಕಟ್ಟಿಕೊಂಡಿತು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ಬುಕಿಂಗ್ 'ಅರಣ್ಯ ವಿಹಾರ' ಜಾಲತಾಣದಲ್ಲಿ. ಈ ಮಿತಿ ಬಂದದ್ದು ಒಳ್ಳೆಯದೇ ಆಯಿತು, ಬೆಟ್ಟಕ್ಕೂ ಹತ್ತುವವರಿಗೂ. ಆದರೆ ದೊಡ್ಡ ಗುಂಪಿಗೆ ವಾರಾಂತ್ಯದ ಟಿಕೆಟ್ ಬೇಗ ಮುಗಿಯುತ್ತದೆ. ಶುಕ್ರವಾರವೋ ಸೋಮವಾರವೋ ಒಂದು ದಿನ ರಜೆ ಹಾಕಿದರೆ ಟಿಕೆಟ್ಟೂ ಸುಲಭ, ದಾರಿಯೂ ಖಾಲಿ. ಪ್ರತಿಯೊಬ್ಬರ ಮೂಲ ಗುರುತಿನ ಚೀಟಿ ಜೊತೆಗಿರಲಿ. ಠಾಣೆಯಲ್ಲಿ ಚೀಲ ತೆರೆಸಿ ಪ್ಲಾಸ್ಟಿಕ್ ನೋಡುತ್ತಾರೆ. ತಿಂಡಿಯನ್ನು ಮನೆಯಲ್ಲೇ ಸ್ಟೀಲ್ ಡಬ್ಬಿಗೆ, ಬಟ್ಟೆ ಚೀಲಕ್ಕೆ ಹಾಕಿಕೊಂಡರೆ ಹನ್ನೆರಡು ಚೀಲಕ್ಕೆ ಅರ್ಧ ಗಂಟೆ ಉಳಿಯುತ್ತದೆ.

ಕಾಲ ಅಕ್ಟೋಬರ್‌ನಿಂದ ಜನವರಿ. ಮಳೆಗಾಲದಲ್ಲೂ ಬೇಸಿಗೆಯ ಕಾಳ್ಗಿಚ್ಚಿನ ದಿನಗಳಲ್ಲೂ ದಾರಿ ಮುಚ್ಚುತ್ತಾರೆ. ಕುಕ್ಕೆ ಬದಿ ಹೋಗುವವರು ಚಂಪಾ ಷಷ್ಠಿಯ ದಿನಾಂಕ ನೋಡಿಕೊಳ್ಳಲೇಬೇಕು. ಆ ಜಾತ್ರೆಯ ಆಸುಪಾಸಿನಲ್ಲಿ ಊರಲ್ಲಿ ಒಂದು ಕೋಣೆಯೂ ಸಿಗದು.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಮುಖ ತೊಳೆದು ನೇರ ಬೆಟ್ಟ ಹತ್ತುವುದು ಬಹಳ ಗುಂಪುಗಳ ರೂಢಿ. ಯಾವ ದಾರಿ ಆರಿಸಿದರೂ ಅದನ್ನು ಎರಡು ಪಟ್ಟು ಕಷ್ಟ ಮಾಡುವ ಅಭ್ಯಾಸ ಇದು. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆ ಇಲ್ಲ, ವಾಂತಿಯ ಭಯಕ್ಕೆ ಊಟ ಇಲ್ಲ, ಶೌಚಾಲಯದ ಚಿಂತೆಗೆ ನೀರೂ ಕುಡಿದಿಲ್ಲ. ಎರಡು ದಿನದ ಯೋಜನೆಯಲ್ಲಿ ಮಧ್ಯಾಹ್ನದವರೆಗೆ ಕುಕ್ಕೆಯಲ್ಲಿ ಮಲಗಲು ಸಮಯ ಇದೆ, ಅಲ್ಲಿ ರಾತ್ರಿ ಬಸ್ಸು ನಡೆಯುತ್ತದೆ. ಬೀದಳ್ಳಿ ಬದಿಗಾದರೆ ಹಿಂದಿನ ಸಂಜೆಯೇ ಸೋಮವಾರಪೇಟೆ ಅಥವಾ ಊರಿನ ಹತ್ತಿರದ ಹೋಂಸ್ಟೇ ತಲುಪಿ ಮಲಗಬೇಕು.

ನಡೆಸುವ ಕ್ರಮ

ದಾರಿ ಬಲ್ಲ ಒಬ್ಬರು ಮುಂದೆ. ಅವರ ಬೆನ್ನಿಗೇ ಎರಡನೆಯವರಾಗಿ ಗುಂಪಿನ ಅತಿ ನಿಧಾನದವರು. ಅತಿ ಗಟ್ಟಿಗರು ಕಟ್ಟಕಡೆಗೆ, ಅವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ನಿಧಾನದವರನ್ನು ಕೊನೆಗೆ ಬಿಟ್ಟರೆ ಏನಾಗುತ್ತದೆ ನೋಡಿ: ಮುಂದಿನವರು ನಿಂತು ಹತ್ತು ನಿಮಿಷ ಸುಧಾರಿಸಿಕೊಂಡಿರುತ್ತಾರೆ, ಇವರು ಏದುಸಿರು ಬಿಡುತ್ತ ಬಂದು ಮುಟ್ಟುತ್ತಿದ್ದಂತೆ "ಹೊರಡೋಣವೇ?" ಎಂದು ಎದ್ದುಬಿಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಒಂದು ನಿಮಿಷವೂ ಸಿಗುವುದಿಲ್ಲ. ಅವರು ಸೋಲುವುದು ಇದರಿಂದಲೇ ಹೊರತು ಬೆಟ್ಟದಿಂದಲ್ಲ.

ಏರಿನಲ್ಲಿ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗ. ಐವತ್ತು ನಿಮಿಷ ನಡೆದು ಹತ್ತು ನಿಮಿಷ ಕೂರುವುದಕ್ಕಿಂತ, ಇಪ್ಪತ್ತೈದಕ್ಕೆ ನಿಂತುಕೊಂಡೇ ಮೂರು ನಿಮಿಷ ಬಿಡುವು ಹೊಸಬರಿಗೆ ಒಗ್ಗುತ್ತದೆ, ಕಾಲು ತಣ್ಣಗಾಗಿ ಬಿಗಿಯುವುದಿಲ್ಲ. ಪ್ರತಿ ಬಿಡುವಿಗೂ ನಾಲ್ಕೈದು ಗುಟುಕು ನೀರು, ಒಂದು ಬಿಟ್ಟು ಒಂದಕ್ಕೆ ಚಿಕ್ಕಿ, ಬಾಳೆಹಣ್ಣು, ಅಥವಾ ಹುರಿಗಡಲೆ ಬೆಲ್ಲ. ಒಆರ್‌ಎಸ್ ಪೊಟ್ಟಣ ತಲೆಗೊಂದು, ಮೇಲೆ ನಾಲ್ಕು ಹೆಚ್ಚಿಗೆ. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಅರ್ಧ ಲೀಟರಿಗೆ ಸುರಿದು ಗಟ್ಟಿ ಮಾಡಿ ಕುಡಿದರೆ ಹೊಟ್ಟೆ ತೊಳಸುತ್ತದೆ.

ಒಬ್ಬರಿಗೊಂದು ತಲೆಗೆ ಕಟ್ಟುವ ಟಾರ್ಚು, ಒಂದು ಸೀಟಿ. ಮೂರು ಸಲ ಊದಿದರೆ ಎಲ್ಲರೂ ನಿಲ್ಲುವುದು. ತುರ್ತಿಗೆ ಸಿಗ್ನಲ್ ಸಿಕ್ಕ ಕಡೆಯಿಂದ 112.

ಶೂ, ಕೋಲು, ಮೆಟ್ಟಿಲು

ಬೆಟ್ಟದ ಮೇಲೆ ಅಟ್ಟೆ ಕಿತ್ತುಬರುವುದು ಅಪರೂಪವಲ್ಲ, ಅದೂ ಕಾಣಲು ಹೊಸದಾಗಿರುವ ಶೂಗಳಲ್ಲೇ. ಅನೇಕ ಟ್ರೆಕಿಂಗ್ ಶೂಗಳ ನಡು ಅಟ್ಟೆ ಪಾಲಿಯುರೆಥೇನ್‌ನದ್ದು. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಗಾಳಿಯ ತೇವ ಹೀರಿ ಕೆಲವು ವರ್ಷಗಳಲ್ಲಿ ಅದು ಒಳಗೊಳಗೇ ಪುಡಿಯಾಗುತ್ತದೆ. ನಮ್ಮ ಮಳೆಗಾಲಕ್ಕೆ ಇನ್ನೂ ಬೇಗ. ಹೊರಡುವ ಎರಡು ವಾರ ಮೊದಲು ಶೂ ಕೈಯಲ್ಲಿ ಹಿಡಿದು ಬೆರಳಿಂದ ನಡು ಅಟ್ಟೆಯನ್ನು ಒತ್ತಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ, ಬೇಡ. ಹಾಕಿಕೊಂಡು ಅರ್ಧ ದಿನ ನಡೆದೂ ನೋಡಿ. ಗುಂಪಿಗೆ ಒಂದು ಬಟ್ಟೆಯ ಅಂಟುಪಟ್ಟಿ, ನಾಲ್ಕು ಮೀಟರ್ ಗಟ್ಟಿ ದಾರ ಇದ್ದರೆ ಕಿತ್ತ ಅಟ್ಟೆಯನ್ನು ಸುತ್ತಿ ಕೆಳಗೆ ಮುಟ್ಟಬಹುದು.

ಇಳಿಯುವ ಮೊದಲು ಲೇಸ್ ಬಿಚ್ಚಿ ಮತ್ತೆ ಕಟ್ಟುವುದು ಎರಡು ನಿಮಿಷದ ಕೆಲಸ. ಕೂತು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದವನ್ನು ಹಿಂದಕ್ಕೆ ಸರಿಸಿ. ಮೇಲಿನ ಕೊನೆಯ ಎರಡು ತೂತುಗಳಿಗೆ ಲೇಸನ್ನು ಅದೇ ಬದಿಯಲ್ಲಿ ಹಾಯಿಸಿ ಎರಡೂ ಕಡೆ ಪುಟ್ಟ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿಯಾಗಿ ಎಳೆದು ಕಟ್ಟಿ. ಹಿಮ್ಮಡಿ ಕದಲದೆ ನಿಲ್ಲುತ್ತದೆ, ಬೆರಳು ಮುಂದೆ ಹೋಗಿ ಗುದ್ದುವುದಿಲ್ಲ. ಹೀಗೆ ಕಟ್ಟದವರ ಹೆಬ್ಬೆರಳ ಉಗುರು ವಾರದೊಳಗೆ ಕಪ್ಪಾಗುವುದು ಕುಕ್ಕೆ ಬದಿಯ ಇಳಿತದಲ್ಲಿ ಸಾಮಾನ್ಯ. ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿರಬೇಕು.

ಊರುಗೋಲು ಹತ್ತುವಾಗ ಮೊಣಕೈ ನೇರ ಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಅದಕ್ಕಿಂತ 5ರಿಂದ 10 ಸೆಂಟಿಮೀಟರ್ ಹೆಚ್ಚು. ಮಂಡಿ ದುರ್ಬಲ ಇರುವವರಿಗೆ ಎರಡು ಕೋಲು, ಉಳಿದವರಿಗೆ ಒಂದಾದರೂ ಸರಿ.

ಅಭ್ಯಾಸಕ್ಕೆ ಮೆಟ್ಟಿಲಿಗಿಂತ ಒಳ್ಳೆಯದು ಇಲ್ಲ. ಒಂದು ಮಹಡಿ ಸುಮಾರು ಮೂರು ಮೀಟರ್. ಕುಕ್ಕೆ ಬದಿಯ ಏರು ಐನೂರಕ್ಕೂ ಹೆಚ್ಚು ಮಹಡಿಗೆ ಸಮ. ಆರು ವಾರ, ವಾರಕ್ಕೆ ಮೂರು ದಿನ, ಐದು ಕಿಲೋ ಬೆನ್ನಿಗೆ ಹಾಕಿ ಇಪ್ಪತ್ತು ಮಹಡಿಯಿಂದ ಶುರು ಮಾಡಿ ಅರವತ್ತಕ್ಕೆ ಬನ್ನಿ. ಹತ್ತಿ ಲಿಫ್ಟ್‌ನಲ್ಲಿ ಇಳಿದರೆ ಅರ್ಧ ಅಭ್ಯಾಸ ಹೋಯಿತು. ಕೆಪಿಯಲ್ಲಿ ಕೈಕೊಡುವುದು ಇಳಿಯುವ ಸ್ನಾಯುವೇ, ಅದು ಗಟ್ಟಿಯಾಗುವುದು ಇಳಿದಾಗ ಮಾತ್ರ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಒಳ್ಳೆಯ ಒರೆಗಲ್ಲು: ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ ಇಳಿದು, ಮರುದಿನ ಮಂಡಿ ಹಿಡಿದುಕೊಳ್ಳದೆ ಕೆಲಸಕ್ಕೆ ಹೋದವರು ಬೀದಳ್ಳಿ ಬದಿಗೆ ಸಿದ್ಧ.

ಕೆಲವರಿಗೆ ಕೆಪಿ ಆಗುವುದೇ ಇಲ್ಲ ಎಂದಾದರೆ

ಅಪ್ಪ ಅಮ್ಮ, ಮಕ್ಕಳು, ಗಟ್ಟಿ ಚಾರಣಿಗರು ಎಲ್ಲ ಸೇರಿದ ಗುಂಪಿಗೆ ಕೆಪಿಯ ಯಾವ ಬದಿಯೂ ಹಗುರಲ್ಲ. ಅಂಥ ಗುಂಪಿಗೆ ಬೇಕಾದದ್ದು ನಡೆಯುವವರು ನಡೆದು, ಉಳಿದವರು ವಾಹನದಲ್ಲಿ ಬಂದು, ಮೇಲೆ ಎಲ್ಲರೂ ಸೇರುವಂಥ ಬೆಟ್ಟ. ಅದಕ್ಕೆ ಕೊಡಚಾದ್ರಿ ಹೇಳಿ ಮಾಡಿಸಿದಂತಿದೆ. ಎತ್ತರ 1,343 ಮೀಟರ್. ನಡೆಯುವವರು ಹಿಡ್ಲುಮನೆ ಜಲಪಾತದ ಬದಿಯಿಂದ ಹತ್ತುತ್ತಾರೆ, ಅದು ನಿಜಕ್ಕೂ ಬೆವರಿಳಿಸುವ ಏರು. ಉಳಿದವರು ಜೀಪಿನಲ್ಲಿ ಬರುತ್ತಾರೆ. ಜೀಪು ನಿಲ್ಲುವಲ್ಲಿಂದ ಸರ್ವಜ್ಞ ಪೀಠದ ಕಡೆಗಿನ ಕೊನೆಯ ಏರನ್ನು ಎಲ್ಲರೂ ಒಟ್ಟಿಗೆ ನಡೆಯಬಹುದು. ಬೆನ್ನು ನೋವಿನವರನ್ನು ಆ ಜೀಪಿನ ಹಿಂದಿನ ಸೀಟಿಗೆ ಮಾತ್ರ ಕೂರಿಸಬೇಡಿ. ದಾರಿ ಗುಂಡಿ, ಕಲ್ಲು, ಕೊರಕಲು. ಚಾಲಕರ ಪಕ್ಕದ ಸೀಟನ್ನು ಅವರಿಗೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ.